ಸುಳ್ಳಿನದೊಂದು, ನಿಜದ್ದೊಂದು

ಬೋರ್ಡು ಬರೆಯುವವನು ಏಣಿ ಹಿಡಿದುಕೊಳ್ಳಲು ಬಾದುವನ್ನೇ ಕರೆದ. ಬಾದು ಕೆಳಗೆ ನಿಂತು ಎರಡೂ ಕೈಯಲ್ಲಿ ಏಣಿ ಒತ್ತಿ ಹಿಡಿದು, ಕತ್ತೆತ್ತಿ, ಒಂದೊಂದೇ ಅಕ್ಷರ ಮೂಡುವುದನ್ನು ನೋಡಿದ. ‘ಅಂಪೋಫೊ ಮತ್ತು ಮಗ, ವಿಡಿಯೋ’. ‘ಮಗ’ ಎನ್ನುವುದಕ್ಕೆ ಮಾತ್ರ ಕೆಂಪು ಬಣ್ಣ. ಅದರದೊಂದು ಹನಿ ಜಾರಿ ಬಾದುವಿನ ಅಂಗಿಯ ಮೇಲೆ ಬಿತ್ತು. ಆ ಅಂಗಿಯನ್ನು ಅವನು ಮತ್ತೆ ಒಗೆಯಲೇ ಇಲ್ಲ.

ಹದಿನಾಲ್ಕನೇ ವಯಸ್ಸಿಗೆ ಶಾಲೆ ಬಿಡಿಸಿ ಮಾವ ಅಂಪೋಫೊ ಅವನ ಹೆಗಲಿಗೆ ಕ್ಯಾಮೆರಾ ಏರಿಸಿದ್ದ. ಅಮ್ಮನ ಒಡಹುಟ್ಟಿದವನು. ಕುಮಾಸಿಯಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು, ಮಾವನ ಆಸ್ತಿ ಸೋದರಳಿಯನಿಗೆ. ಹೆಂಡತಿ ಹೆತ್ತ ಮಗ ಹೆಂಡತಿಯ ಕುಲದವನು. ‘ನಿನಗ್ಯಾಕೋ ಓದು? ಅಂಗಡಿ ಇದೆಯಲ್ಲ’ ಎಂದು ಮಾವ ಅಂದದ್ದು ಬಾದುವಿಗೆ ಇನ್ನೂ ಕಿವಿಯಲ್ಲಿದೆ. ಹನ್ನೆರಡು ವರ್ಷ, ಅಂತ್ಯಕ್ರಿಯೆಗಳು ನಡೆಯುವ ಪ್ರತಿ ಶನಿವಾರ, ಅವನು ಊರಿನ ಹೆಣಗಳನ್ನು ಚಿತ್ರಿಸಿದ. ಚಿನ್ನದ ಬಣ್ಣದ ಮಂಚದಲ್ಲಿ ಮಲಗಿಸಿದ ಮುದುಕರು, ಕೆಂಪು ಕಪ್ಪು ಬಟ್ಟೆಯ ಸಾಲು ಸಾಲು ಜನ, ಮೈಕಿನಲ್ಲಿ ಕೂಗುವ ಹೆಸರುಗಳು. ಯಾರ ಮುಖಕ್ಕೆ ಯಾವ ಬೆಳಕು ಬೀಳಬೇಕು ಎಂದು ಅವನ ಮೊಣಕೈಗೇ ಗೊತ್ತಿತ್ತು. ಅಷ್ಟರಲ್ಲಿ ಮಾವನ ಮಗ ಕೆಲ್ವಿನ್ ಅಕ್ರಾದಲ್ಲಿ ಮೂರು ವರ್ಷ ಸಿನಿಮಾ ಓದಿ, ಕನ್ನಡಕ ಹಾಕಿಕೊಂಡು, ಇಂಗ್ಲಿಷು ಕಲಿತು ಬಂದ. ಬಂದ ತಿಂಗಳಿಗೇ ಬೋರ್ಡು.

‘ಸಿಟ್ಟು ಮಾಡ್ಕೋಬೇಡ ಕಣೋ,’ ಎಂದ ಮಾವ, ‘ಈಗಿನ ಕಾಲ ಬೇರೆ.’

ಬಾದು ಸಿಟ್ಟು ಮಾಡಿಕೊಳ್ಳಲಿಲ್ಲ. ಲೆಕ್ಕ ಹಾಕಿದ.

ಮುದುಕಿ ನಾನಾ ಪೊಕುವಾ ತೀರಿಕೊಂಡಿದ್ದಳು. ಅರ್ಧ ಊರು ಅವಳ ಕೈಯಲ್ಲಿ ಉಂಡಿತ್ತು. ಮೂರು ದಿನದ ಅಂತ್ಯಕ್ರಿಯೆ, ಅಂಗಡಿಗೆ ಇಷ್ಟು ದೊಡ್ಡ ಕೆಲಸ ಹಿಂದೆ ಬಂದಿರಲಿಲ್ಲ. ಹಿಂದೊಮ್ಮೆ ಅವಳ ಕುಲದ ಹಿರಿಯರೊಬ್ಬರ ಹೆಣದ ಮುಖ ಯಾರ್‍ಯಾರದೋ ಫೋನಿನಲ್ಲಿ ಓಡಾಡಿ ಜಗಳವಾಗಿತ್ತು. ಅದಕ್ಕೆ ಈ ಸಲ ಶವದ ಮುಂದೆ ಫೋನ್ ಎತ್ತಿದವರಿಗೆ ಒಂದು ಕುರಿ ದಂಡ ಎಂದು ಕುಲದ ಹಿರಿಯ ಮೊದಲೇ ಸಾರಿದ್ದ. ಅಂದರೆ ಆ ಮುಖ ಉಳಿಯುವುದು ಅಂಪೋಫೊವಿನ ಕ್ಯಾಮೆರಾದಲ್ಲಿ ಮಾತ್ರ. ಬಾದುವಿಗೆ ಬೇಕಾಗಿದ್ದೂ ಅದೇ.

ಅವನು ಕಟುಕನಲ್ಲ. ಅದನ್ನು ತನಗೆ ತಾನೇ ಹಲವು ಸಲ ಹೇಳಿಕೊಂಡ. ಮುದುಕಿಯ ಚಿತ್ರಗಳನ್ನು ಅವನು ಹಾಳು ಮಾಡುವುದಿಲ್ಲ, ಬಚ್ಚಿಡುತ್ತಾನೆ, ಅಷ್ಟೇ. ಕೆಲ್ವಿನ್ ಕೈಯಲ್ಲಿ ಎಲ್ಲ ಕಳೆದುಹೋಗುತ್ತದೆ. ಮಾವನ ಮಾನ ಹೋಗುವ ಗಳಿಗೆಗೆ, ಎಲ್ಲರ ಎದುರು, ಓದದ ಅಳಿಯ ಎದ್ದು ನಿಂತು ತನ್ನ ಚೀಲದಿಂದ ಎಲ್ಲವನ್ನೂ ತೆಗೆದು ಕೊಡುತ್ತಾನೆ. ಯಾರಿಗೂ ಏನೂ ನಷ್ಟವಿಲ್ಲ. ನಾಲ್ಕು ದಿನದ ಸಂಕಟ, ಒಂದು ಬೋರ್ಡು. ಇದಕ್ಕೆ ಬೇಕಾದದ್ದು ಎರಡು ಹಾರ್ಡ್ ಡಿಸ್ಕು.

ಕೆಜೇಟಿಯಾ ಮಾರುಕಟ್ಟೆಯಲ್ಲಿ ಆಫ್ರಿಯೆ ಅಕ್ಕನ ಅಂಗಡಿ ಎಂದರೆ ಒಂದು ಮೇಜು, ಒಂದು ಕೊಡೆ, ಒಂದು ಹಳೆಯ ಲ್ಯಾಪ್‌ಟಾಪು. ಮೇಜಿನ ಕೆಳಗೆ ಜನರೇಟರು ಸದಾ ಗುಡುಗುಡು ಎನ್ನುತ್ತಾ ಗಿರಾಕಿಗಳ ಕಾಲಿಗೆ ಬಿಸಿ ಉಸಿರು ಬಿಡುತ್ತಿರುತ್ತದೆ.

‘ಅಕ್ಕ, ಸುಳ್ಳಿನದೊಂದು ಬೇಕು, ನಿಜದ್ದೊಂದು ಬೇಕು.’

ಅವಳು ಬಾಯಿಂದ ಹಲ್ಲುಕಡ್ಡಿ ತೆಗೆದಳು. ‘ಏನಂದೆ? ಇಪ್ಪತ್ತು ವರ್ಷದಿಂದ ಇಲ್ಲಿ ಕೂತಿದೀನಿ. ಎಲ್ರೂ ನಿಜದ್ದು ಕೊಡು ಅಂತಾರೆ. ಬಾಯಿಬಿಟ್ಟು ಸುಳ್ಳಿನದು ಕೇಳಿದೋನು ನೀನೊಬ್ನೇ.’

‘ಇದೆಯೋ ಇಲ್ವೋ?’

‘ನನ್ನಂಗಡೀಲಿ ಸುಳ್ಳಿನದು ಯಾಕಿರುತ್ತೆ ತಮ್ಮಾ?’ ಎನ್ನುತ್ತಲೇ ಬಗ್ಗಿ ಒಂದು ಡಬ್ಬ ಹೊರಗೆಳೆದಳು. ‘ಇದು ಇನ್ನೂರು ಜಾಸ್ತಿ.’

‘ಸುಳ್ಳಿನದಕ್ಕೆ ಜಾಸ್ತಿಯಾ?’

‘ನಿಜದ್ದನ್ನ ಯಾರು ಬೇಕಾದ್ರೂ ಮಾರ್ತಾರೆ.’

ಸುಳ್ಳಿನದನ್ನು ಬಾದು ಮನೆಗೆ ಒಯ್ದು ಮೂರು ದಿನ ಪರೀಕ್ಷೆ ಮಾಡಿದ. ತಿರುಪು ಬಿಚ್ಚಿ ನೋಡಿದ. ದೊಡ್ಡ ಕಪ್ಪು ಕವಚದೊಳಗೆ ಬೆರಳುಗುರಿನಷ್ಟು ಒಂದು ಚಿಪ್ಪು, ಭಾರ ಬರಲಿ ಎಂದು ಅಂಟು ಹಾಕಿ ಕೂರಿಸಿದ ಎರಡು ಕಬ್ಬಿಣದ ನಟ್ಟು. ಕಂಪ್ಯೂಟರಿಗೆ ಹಾಕಿದರೆ ಊರೆಲ್ಲ ಹಿಡಿಸುತ್ತದೆ ಎಂದು ತೋರಿಸುತ್ತಿತ್ತು. ಮೊದಲ ಕೆಲವು ಗಂಟೆಯ ಚಿತ್ರ ನಿಜವಾಗಿ ಉಳಿಯುತ್ತಿತ್ತು, ತೆರೆದರೆ ಓಡುತ್ತಿತ್ತು. ಆಮೇಲೆ ಹಾಕಿದ್ದರದು ಬರೀ ಹೆಸರು. ಹೆಸರಿನ ಮುಂದೆ ಗಾತ್ರವೂ ಸರಿಯಾಗಿ ಕಾಣುತ್ತಿತ್ತು, ಒತ್ತಿದರೆ ಕತ್ತಲು. ಎಂಥ ಅಚ್ಚುಕಟ್ಟಾದ ಸುಳ್ಳು. ನಾಲ್ಕು ಸಲ ತುಂಬಿದ, ನಾಲ್ಕು ಸಲವೂ ಅದು ಒಂದೇ ಜಾಗದಲ್ಲಿ ಕೈಕೊಟ್ಟಿತು. ಇದನ್ನು ನಂಬಬಹುದು ಎಂದುಕೊಂಡು ತಿರುಪು ಹಾಕಿ ಆಫ್ರಿಯೆಗೆ ವಾಪಸು ಕೊಟ್ಟ.

‘ನಾಳೆಯೋ ನಾಡಿದ್ದೋ ಕನ್ನಡಕದವನೊಬ್ಬ ಬರ್ತಾನೆ. ಇದನ್ನೇ ಕೊಡು.’

‘ಏನು ಮಾಡಿದಾನೆ ಪಾಪ?’

‘ಹುಟ್ಟಿದಾನೆ.’

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ನಿಜದ್ದನ್ನು ತೆಗೆದು ಲ್ಯಾಪ್‌ಟಾಪಿಗೆ ಸಿಕ್ಕಿಸಿ ಮೇಜಿನ ಮೇಲಿಟ್ಟಳು. ನಿಜದ್ದರ ಗುರುತು ಬಾದುವಿಗೆ ಗೊತ್ತು. ಕೈಗೆ ಭಾರ ಸಿಗಬೇಕು. ಒಳಗೆ ತಟ್ಟೆ ತಿರುಗುವಾಗ ಡಬ್ಬಿಯಲ್ಲಿ ಸಿಕ್ಕ ದುಂಬಿಯ ಹಾಗೆ ಗುಂಯ್ ಎನ್ನಬೇಕು. ಮೊದಲೇ ಎತ್ತಿ ಭಾರ ನೋಡಿದ್ದ. ಈಗ ಬಗ್ಗಿ ಅದಕ್ಕೆ ಕಿವಿ ಇಟ್ಟ. ಗುಂಯ್ ಎನ್ನುತ್ತಿತ್ತು, ಕೆನ್ನೆಗೆ ಸಣ್ಣಗೆ ನಡುಕ ತಾಗಿತು. ಇನ್ನು ತೆರೆದು ನೋಡುವುದೇನಿದೆ? ಸಂಚಿನಲ್ಲಿ ಜೊತೆ ಸೇರಿದವಳು ತನಗೇ ಟೋಪಿ ಹಾಕುತ್ತಾಳೆಯೇ? ಕಪ್ಪು ಕವರಿಗೆ ಹಾಕಿಸಿಕೊಂಡು ಬಂದ.

ಕೆಲ್ವಿನ್‌ನನ್ನು ಅಲ್ಲಿಗೆ ಕಳಿಸಲು ಒಂದೇ ಮಾತು ಸಾಕಾಯಿತು. ‘ಡಿಸ್ಕನ್ನ ದೊಡ್ಡ ಅಂಗಡೀಲೇ ತಗೊಳ್ಳಪ್ಪ. ಕೆಜೇಟಿಯಾದಲ್ಲಿ ಆಫ್ರಿಯೆ ಅಂತೊಬ್ಳು ಅರ್ಧ ಬೆಲೆಗೆ ಮಾರ್ತಾಳೆ, ಆದ್ರೆ ಚೌಕಾಸಿ ಓದಿದೋರಿಂದ ಆಗೋ ಕೆಲಸ ಅಲ್ಲ.’

ಮರುದಿನ ಕೆಲ್ವಿನ್ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದ. ‘ಯಾರ ಕೈಲಿ ಆಗಲ್ಲ ಅಂದೆ?’

ಹಿಂದೆ ಕೂತಿದ್ದ ಮಾವನಿಗೂ ನಗು ಬಂತು. ಬಾದು ಸೋತವನ ಹಾಗೆ ಮುಖ ಮಾಡಿದ.

ಅಂತ್ಯಕ್ರಿಯೆಗೆ ಎರಡು ದಿನ ಇರುವಾಗ ಅಂಗಡಿಗೆ ಒಂದು ಫೋನು ಬಂತು. ಮುದುಕಿಯ ಒಬ್ಬಳೇ ಮಗಳು ಅಚಿಯಾ, ಇಟಲಿಯಲ್ಲಿದ್ದಳು. ಕಾಗದ ಪತ್ರ ಇನ್ನೂ ಕಚೇರಿಯಲ್ಲೇ ಕೂತಿತ್ತು, ಬರಲಾಗುತ್ತಿರಲಿಲ್ಲ. ಫೋನು ಎತ್ತಿದ್ದು ಬಾದು.

‘ಕ್ಯಾಮೆರಾ ಹಿಡಿಯೋದು ನೀವೇನಾ ಅಣ್ಣಾ? ಮಂಚದ ಹತ್ರ ಸ್ವಲ್ಪ ಹೊತ್ತು ಜಾಸ್ತಿ ನಿಲ್ಲಿ. ಮುಖದ ಮೇಲೆ. ಅದನ್ನ ನೋಡೋವರೆಗೂ ಅವಳು ಹೋಗಿದಾಳೆ ಅಂತ ನಾನು ಒಪ್ಪಲ್ಲ.’

‘ನಿಲ್ತೀನಮ್ಮ,’ ಎಂದ. ಫೋನು ಇಟ್ಟು, ಮೇಜಿನ ಮೇಲಿದ್ದ ಕೆಲ್ವಿನ್‌ನ ಡಬ್ಬಿಯನ್ನು ನೋಡಿದ. ಆದರೂ ಅವಳಿಗೆ ಏನೂ ಕಳೆದುಹೋಗುವುದಿಲ್ಲವಲ್ಲ. ತಡವಾಗಿ ಸಿಗುತ್ತದೆ, ಸಿಗುವುದಂತೂ ಸಿಗುತ್ತದೆ.

ಅವನು ಮಾತಿಗೆ ತಪ್ಪಲಿಲ್ಲ. ಶನಿವಾರ ಮುಂಜಾವದಲ್ಲಿ ಕೆಂಟೆ ಬಟ್ಟೆ ಹೊದಿಸಿ ಮಲಗಿಸಿದ್ದ ನಾನಾ ಪೊಕುವಾಳ ಮುಖದ ಮೇಲೆ ಕ್ಯಾಮೆರಾ ಹನ್ನೊಂದು ನಿಮಿಷ ನಿಂತಿತು. ಹೆಗಲು ಮರಗಟ್ಟಿತು, ಕದಲಲಿಲ್ಲ. ಹನ್ನೆರಡು ವರ್ಷದಲ್ಲಿ ಅವನು ತೆಗೆದ ಎಲ್ಲಕ್ಕಿಂತ ಒಳ್ಳೆಯ ಚಿತ್ರ ಅದೇ. ಮುದುಕಿಗೆ ಇನ್ನೇನು ಯಾರನ್ನೋ ಗದರಿಸುವ ಮುಖವಿತ್ತು. ತನ್ನನ್ನೇ ಎನ್ನಿಸಿತು ಬಾದುವಿಗೆ.

ಮೂರೂ ದಿನ ಕ್ಯಾಮೆರಾದ ಕಾರ್ಡು ತುಂಬಿದಾಗಲೆಲ್ಲ ಬ್ಯಾಟರಿಯ ನೆಪ ಹೇಳಿ ವ್ಯಾನಿಗೆ ಹೋದ. ಅಲ್ಲಿ ಒಂದು ಲ್ಯಾಪ್‌ಟಾಪಿತ್ತು, ನಿಜದ ಡಿಸ್ಕಿತ್ತು. ಹೊರಗೆ ಡೋಲುಗಳು ಎದೆ ಒಡೆಯುವಂತೆ ಬಡಿಯುತ್ತಿದ್ದವು, ಸ್ಪೀಕರುಗಳ ಹೊಡೆತಕ್ಕೆ ವ್ಯಾನಿನ ಗಾಜು ಅದುರುತ್ತಿತ್ತು. ಶುಕ್ರವಾರದ ಮೊದಲ ತುಣುಕನ್ನು ತೆರೆದು ನೋಡಿದ, ಚೆನ್ನಾಗಿ ಓಡಿತು. ಉಳಿದದ್ದನ್ನು ಹಾಕಿ, ಹೆಸರು ಕಂಡ ಕೂಡಲೇ ತೆಗೆದು, ಕಾರ್ಡನ್ನು ಕೆಲ್ವಿನ್ ಕೈಗೆ ಕೊಟ್ಟ. ಕೆಲ್ವಿನ್‌ನೂ ತನ್ನ ಡಿಸ್ಕಿಗೆ ಹಾಕಿ, ಮೊದಲೆರಡು ತುಣುಕು ನೋಡಿ, ತಲೆಯಾಡಿಸಿ, ಮುಂದಿನ ಶನಿವಾರದ ಹೆಣಕ್ಕೆ ಬೇಕೆಂದು ಕಾರ್ಡುಗಳನ್ನೆಲ್ಲ ಖಾಲಿ ಮಾಡಿದ. ಹೆಬ್ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು ಗುಂಡಿ ಒತ್ತಿದ್ದನ್ನು ಬಾದು ಬಾಗಿಲಲ್ಲಿ ನಿಂತು ನೋಡಿದ.

ಡಿಸ್ಕನ್ನು ಮನೆಯಲ್ಲಿ ಮರಗೆಣಸಿನ ಗಾರಿ ಹಿಟ್ಟಿನ ತಗಡಿನ ಡಬ್ಬದಲ್ಲಿ ಬಚ್ಚಿಟ್ಟ. ಒಮ್ಮೆ ಎಲ್ಲವನ್ನೂ ತೆರೆದು ನೋಡಬೇಕೆಂದು ಎರಡು ಸಲ ಹೊರತೆಗೆದ. ಎರಡು ಸಲವೂ ಆ ಮುಖ ನೆನಪಾಯಿತು, ಗದರಿಸುವ ಮುಖ. ಎದುರಿಸುವ ಧೈರ್ಯವಾಗದೆ ಮತ್ತೆ ಹಿಟ್ಟಿನೊಳಗೆ ಹೂತಿಟ್ಟ.

ಹತ್ತನೇ ದಿನ ಅಂಗಡಿಯಲ್ಲಿ ಕೆಲ್ವಿನ್ ಕೂಗಿಕೊಂಡ. ಡಿಸ್ಕಿನಲ್ಲಿ ಶುಕ್ರವಾರದ ಚಿತ್ರವಿತ್ತು. ಶನಿವಾರವಿಲ್ಲ, ಭಾನುವಾರವಿಲ್ಲ. ತಿರುಪು ಬಿಚ್ಚಿದರೆ ಅಂಟು ಬಿಟ್ಟ ಎರಡು ನಟ್ಟು ಗಾಜಿನ ಮೇಜಿನ ಮೇಲೆ ಉರುಳಿದವು. ‘ನಾನು ನೋಡಿದ್ದೆ ಅಪ್ಪಾ, ಓಡ್ತಿತ್ತು ಅಪ್ಪಾ,’ ಎಂದು ಅವನು ಮಗುವಿನ ಹಾಗೆ ಅಳತೊಡಗಿದ. ಕನ್ನಡಕವಿಲ್ಲದ ಅವನ ಮುಖ ಬಾದುವಿನ ಅಮ್ಮನ ಮನೆಯ ಹಳೆಯ ಫೋಟೋದಲ್ಲಿರುವ ಹುಡುಗನದೇ. ಚಿಕ್ಕಂದಿನಲ್ಲಿ ಇಬ್ಬರೂ ಒಂದೇ ಬಟ್ಟಲಲ್ಲಿ ಫುಫು ಮುದ್ದೆ ಉಂಡವರು. ಬಾದು ಬೀದಿಯ ಕಡೆ ತಿರುಗಿಕೊಂಡ.

ಮಾವ ಬೈಯಲಿಲ್ಲ. ಒಂದು ನಟ್ಟನ್ನು ಕವಚದೊಳಗೆ ಹಾಕಿ ಮುಚ್ಚಿದ, ಇನ್ನೊಂದನ್ನು ಅಂಗೈಯಲ್ಲಿ ಹಿಡಿದುಕೊಂಡ. ಆಮೇಲೆ ಅದು ಅವನ ಕೈ ಬಿಡಲೇ ಇಲ್ಲ. ಊಟ ಬಿಟ್ಟ. ಕುರ್ಚಿಯಲ್ಲಿ ಕೂತು ಅದನ್ನು ಬೆರಳಿಗೆ ತೊಡಿಸುವುದು, ತೆಗೆಯುವುದು. ಒಂದು ಮಧ್ಯಾಹ್ನ ತಾನಾಗಿಯೇ ಹೇಳಿದ:

‘ನಂದೇ ತಪ್ಪು ಕಣೋ ಬಾದು. ಬೋರ್ಡಲ್ಲಿ ನಿನ್ನ ಹೆಸರಿರಬೇಕಿತ್ತು.’

ಬೇಕಾದದ್ದು ಸಿಕ್ಕಿತ್ತು. ಆಗಲೇ ಡಿಸ್ಕು ತಂದುಕೊಟ್ಟಿದ್ದರೆ ಆಗುತ್ತಿತ್ತು. ಆದರೆ ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎಂದು ಕೇಳಿದರೆ? ಹಿರಿಯರ ಮುಂದಾದರೆ ಆ ಪ್ರಶ್ನೆ ಸಂತೋಷದಲ್ಲಿ ಮುಳುಗಿಹೋಗುತ್ತದೆ. ಅಚಿಯಾಳ ಕಾಗದ ಪತ್ರ ಕೊನೆಗೂ ಸಿಕ್ಕಿತ್ತು, ಅವಳು ಬಂದು ಹಿರಿಯರು ಸೇರುವುದಕ್ಕೆ ಇನ್ನು ಎರಡು ವಾರ ಅಷ್ಟೇ. ‘ಊಟ ಮಾಡು ಮಾವ,’ ಎಂದಷ್ಟೇ ಹೇಳಿದ. ತನಗೂ ಅವತ್ತು ಉಣ್ಣಲಾಗಲಿಲ್ಲ.

ಅಚಿಯಾ ಬಂದ ಭಾನುವಾರ ಕುಲದ ಹಿರಿಯನ ಅಂಗಳದಲ್ಲಿ ಎಲ್ಲರೂ ಸೇರಿದರು. ಮಾವ ಎರಡು ಬಾಟಲಿ ಶ್ನಾಪ್ಸ್ ಮದ್ಯ, ಒಂದು ಕುರಿ ತಂದಿದ್ದ, ಕ್ಷಮೆ ಕೇಳಲು. ಚಪ್ಪಲಿ ಬಿಟ್ಟು, ಹೆಗಲ ಬಟ್ಟೆ ಇಳಿಸಿ, ತಲೆ ತಗ್ಗಿಸಿ ನಿಂತ. ಕೆಲ್ವಿನ್ ಆ ಕಪ್ಪು ಡಿಸ್ಕನ್ನು ಎತ್ತಿ ಅಲ್ಲಾಡಿಸಿ ತೋರಿಸಿದ. ಕಟಕ್, ಕಟಕ್. ಸಾಲಾಗಿ ಕೂತ ಮುದುಕರೆಲ್ಲ ಆ ಸದ್ದು ಕೇಳಿದರು.

‘ಇದರ ಹೊಟ್ಟೇಲಿ ನಮ್ಮಕ್ಕ ಇರ್ಲಿಲ್ಲ, ಕಬ್ಬಿಣ ಇತ್ತು ಅನ್ನು,’ ಎಂದ ಕುಲದ ಹಿರಿಯ.

ಅಚಿಯಾ ಕೂಗಾಡಲಿಲ್ಲ. ‘ಒಂದ್ಸಲ ಸಾಕಾಗಿತ್ತು ಅಣ್ಣಾ,’ ಎಂದಳು ಮಾವನಿಗೆ. ‘ಮುಖ. ಒಂದೇ ಒಂದ್ಸಲ.’

ಬಾದು ಎದ್ದು ನಿಂತ. ಮಾತುಗಳನ್ನು ನೂರು ಸಲ ಹೇಳಿಕೊಂಡಿದ್ದ. ‘ಹಿರಿಯರೇ, ತಪ್ಪು ತಿಳೀಬೇಡಿ. ಓದಿದೋನಲ್ಲ ನಾನು, ಮಿಷನ್ನಿನ ಮೇಲೆ ನಂಬಿಕೆ ಕಮ್ಮಿ. ಇರಲಿ ಅಂತ ಇನ್ನೊಂದು ಪ್ರತಿ ಇಟ್ಟಿದ್ದೆ. ಇಟ್ಟದ್ದೆಲ್ಲಿ ಅಂತ ಮರೆತು, ನಿನ್ನೆ ಸಿಕ್ಕಿತು.’

ಹೆಂಗಸರು ಖುಷಿಯಿಂದ ಎದ್ದು ಬಿಳಿ ಕರವಸ್ತ್ರ ಬೀಸಿದರು. ಮಾವ ಎರಡೂ ಕೈಯಿಂದ ಅವನ ಮುಖ ಹಿಡಿದು ‘ನನ್ನಳಿಯ, ನನ್ನಳಿಯ’ ಎಂದು ತೊದಲಿದ. ಅಂಗೈಯಲ್ಲಿದ್ದ ನಟ್ಟು ಬಾದುವಿನ ಕೆನ್ನೆಗೆ ತಣ್ಣಗೆ ಒತ್ತಿತು. ಕೆಲ್ವಿನ್ ಬಂದು ತಬ್ಬಿಕೊಂಡ. ‘ನೀನು ನನ್ನ ಉಳಿಸಿದೆ ಕಣೋ.’ ಬಾದುವಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಟಿವಿ ತಂದಿಟ್ಟರು. ಶುಕ್ರವಾರ ಓಡಿತು: ಮುಚ್ಚಿದ ಆಂಬ್ಯುಲೆನ್ಸು, ಅದರ ಹಿಂದೆ ಓಡುವ ಜನ. ಅಚಿಯಾ ಚಾಪೆಯ ಮೇಲೆ ಮುಂದೆ ಮುಂದೆ ಸರಿದು ಟಿವಿಯ ಎದುರೇ ಕೂತಳು. ಬಾದು ಶನಿವಾರವನ್ನು ಒತ್ತಿದ. ಕತ್ತಲು. ಅದರ ಮುಂದಿನದನ್ನು ಒತ್ತಿದ. ಹೆಸರಿತ್ತು, ಗಾತ್ರವಿತ್ತು, ಕತ್ತಲು.

ಹಿರಿಯ ಕೈ ಎತ್ತಿದ್ದಕ್ಕೆ ಅಂಗಳ ಸ್ತಬ್ಧವಾಯಿತು, ಕಟ್ಟಿಹಾಕಿದ್ದ ಕುರಿಯೂ ಸುಮ್ಮನಾಯಿತು. ಬಾದು ಬಗ್ಗಿ ಡಿಸ್ಕಿಗೆ ಕಿವಿ ಇಟ್ಟ. ಅದನ್ನು ಕೊಂಡ ಮೇಲೆ ನಿಶ್ಶಬ್ದದಲ್ಲಿ ಅವನು ಅದಕ್ಕೆ ಕಿವಿ ಇಟ್ಟದ್ದು ಇದೇ ಮೊದಲು. ಗುಂಯ್ ಎನ್ನಲಿಲ್ಲ. ಏನೂ ಅನ್ನಲಿಲ್ಲ. ಆಗ ನೆನಪಾಯಿತು: ಆಫ್ರಿಯೆ ಅಕ್ಕನ ಮೇಜು, ಆ ಮೇಜಿನ ಕೆಳಗೆ ಅವನ ಕಾಲಿಗೆ ಬಿಸಿ ಉಸಿರು ಬಿಡುತ್ತಾ ಗುಡುಗುಡು ಎನ್ನುತ್ತಿದ್ದ ಜನರೇಟರು. ಅವನು ಡಿಸ್ಕನ್ನು ಎತ್ತಿಕೊಂಡ. ಅಂಗೈಯಲ್ಲಿ ಹೊರಳಿಸಿದ. ಅಂಟು ಬಿಟ್ಟದ್ದೇನೋ ಒಳಗೆ ಕಟಕ್ ಎಂದಿತು, ಮತ್ತೆ ಕಟಕ್. ಮೊದಲು ತಲೆ ಎತ್ತಿದವನು ಮಾವ. ಅವನು ತನ್ನ ಅಂಗೈ ಬಿಚ್ಚಿ ನಟ್ಟನ್ನು ನೋಡಿದ, ಬಾದುವಿನ ಕೈಯನ್ನು ನೋಡಿದ, ಆಮೇಲೆ ಮೆಲ್ಲಗೆ ಕೇಳಿದ: ‘ಇದನ್ನ ಎಲ್ಲಿ ತಗೊಂಡ್ಯೋ ಬಾದು?’