ಹಾಡಿನ ನಡುವೆ

“ಅಣ್ಣಾ, ಇದರಾಗ ನಾ ಎಲ್ಲಿದೀನಿ?”

ರೂಪಾ ಇಯರ್‌ಫೋನನ್ನು ಕಿವಿಗೆ ಒತ್ತಿಕೊಂಡು ಕೇಳಿದಳು. ಗಿಟಾರ್ ಜಣಜಣ ಎನ್ನುತ್ತಿತ್ತು. ಹಿಂದೆ ಅಪ್ಪನ ಮಗ್ಗ ಖಟಕ್ ಖಟಕ್ ಎನ್ನುತ್ತಿತ್ತು. ಅವಳ ಹಾಡು ಮಾತ್ರ, ಸಂತೆಯಲ್ಲಿ ಅವ್ವನ ಸೆರಗು ಬಿಟ್ಟ ಕೂಸಿನ ಹಾಗೆ, ಎಲ್ಲೋ ದೂರದಲ್ಲಿ ಸಣ್ಣಗೆ ಕೇಳುತ್ತಿತ್ತು.

“ಗಿಟಾರ್ ಕಮ್ಮಿ ಮಾಡು.”

“ಅದನ್ನ ಕಮ್ಮಿ ಮಾಡಿದ್ರ ನಿಂದೂ ಕಮ್ಮಿ ಆಗತೈತಿ,” ಎಂದ ಉಮೇಶ. “ಎರಡೂ ಕೂಡೇ ರೆಕಾರ್ಡ್ ಮಾಡಿದ್ದ ತಪ್ಪಾತು. ಹಿಟ್ಟು ನಾದಿದ ಮ್ಯಾಲ ಉಪ್ಪು ಹೆಕ್ಕಾಕ ಬರತೈತೇನ?”

ಉಮೇಶ ಅವಳ ಅಣ್ಣ, ಗದಗಿನಲ್ಲಿ ಕಾಲೇಜು ಓದುತ್ತಾನೆ. ಇವತ್ತು ಐದು ಗಂಟೆಯ ಬಸ್ಸಿಗೆ ಹೊರಟುಬಿಡುತ್ತಾನೆ. ಗಿಟಾರೂ ಅವನ ಜೊತೆಗೇ ಹೋಗುತ್ತದೆ. ನಾಳೆ ಶಾಲೆಯಲ್ಲಿ ವಿಜಯಲಕ್ಷ್ಮಿ ಟೀಚರಿಗೆ ಬೀಳ್ಕೊಡುಗೆ. ಅವರಿಗೆ ಕೊಣ್ಣೂರಿಗೆ ಟ್ರಾನ್ಸ್‌ಫರ್ ಆಗಿದೆ. “ರೂಪಾ, ನಿನ್ನ ಧ್ವನಿ ಭಾಳ ಚಲೋ ಐತಿ” ಎಂದು ಮೊದಲು ಹೇಳಿದವರೇ ಅವರು. ಆದರೆ ನಾಲ್ಕು ಜನರ ಮುಂದೆ ನಿಂತರೆ ಆ ಚಲೋ ಧ್ವನಿ ಗಂಟಲು ದಾಟಿ ಬರುವುದೇ ಇಲ್ಲ. ಅದಕ್ಕೇ ಈ ರೆಕಾರ್ಡಿಂಗು. ಶಾಲೆಯ ಸ್ಪೀಕರಿನಲ್ಲಿ ಹಚ್ಚಿದರೆ ಆಯಿತು.

“ಮೊದಲ ಗಿಟಾರ್ ಅಷ್ಟ ಮಾಡೂನು. ಆಮ್ಯಾಲ ನೀ ಅದನ್ನ ಕಿವ್ಯಾಗ ಕೇಳಕೋತ ಹಾಡು. ಬ್ಯಾರೆ ಬ್ಯಾರೆ ಇದ್ರ ಮಿಕ್ಸ್ ಮಾಡಾಕ ಬರತೈತಿ,” ಎಂದ ಉಮೇಶ. “ಆದ್ರ ಆ ಮಗ್ಗ?”

ರೂಪಾ ಅಪ್ಪನ ಹತ್ತಿರ ಓಡಿದಳು. ಅಪ್ಪ ತಲೆ ಎತ್ತಲಿಲ್ಲ.

“ಇನ್ನ ಒಂದ ಗೇಣ ನೇಯೂದೈತಿ. ಅದಾದ ಮ್ಯಾಲ ಕೆಚ್ಚೂದು. ನಾಳೆ ಕೆಚ್ಚಬೇಕಂತ ಮಾಡಿದ್ದೆ, ಇವತ್ತ ಕೆಚ್ಚಿದ್ರಾತು ಬಿಡು.”

ಕೆಚ್ಚುವುದೆಂದರೆ ಮಗ್ಗಕ್ಕೆ ಉದ್ದಕ್ಕೂ ಹಾಸಿದ ನೂಲು, ಅಂದರೆ ಹಾಸು, ಮುಗಿದಾಗ ಅದರ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆ ಸೇರಿಸಿ, ಬೆರಳಲ್ಲಿ ಹೊಸೆಯುವುದು. ಸಾವಿರಾರು ಎಳೆ. ಅಪ್ಪ, ಅವ್ವ ಇಬ್ಬರೂ ಕೂರಬೇಕು. ಮಗ್ಗ ಬಾಯಿ ಮುಚ್ಚಿಕೊಂಡಿರುವುದು ಆಗ ಮಾತ್ರ.

ಮಗ್ಗ ನಿಂತಾಗ ಮೂರೂವರೆ. ಉಮೇಶ ಅಡುಗೆಮನೆಯ ಗೋಡೆಗೊಂದು, ಬಾಗಿಲಿಗೊಂದು ದಪ್ಪ ಕೌದಿ ತೂಗುಹಾಕಿದ್ದ, ಧ್ವನಿ ಗುಂಯ್ ಅನ್ನಬಾರದೆಂದು. ಗಿಟಾರ್ ಎರಡೇ ಸಲಕ್ಕೆ ಸರಿಯಾಯಿತು. ರೂಪಾ ಹಾಡತೊಡಗಿದಳು.

“ಗುಡ್ಡದ ಮ್ಯಾಗಿನ ಗಾಳಿಯೆ ನಿಲ್ಲು, ನಮ್ಮ ಟೀಚರು ಹೊಂಟಾರ...”

ಇಲ್ಲಿ ಹಾಡು ನಿಂತು ಗಿಟಾರ್ ಒಂದೇ ಮೆಲ್ಲಗೆ ನಡೆಯಬೇಕು. ಅಷ್ಟರಲ್ಲಿ ಮಗ್ಗದ ಕಡೆಯಿಂದ ಕಿಣಿಕಿಣಿ.

ಮತ್ತೆ ಹಾಡಿದಳು. ಮತ್ತೆ ಕಿಣಿಕಿಣಿ. ನಾಲ್ಕನೆಯ ಸಲ ರೂಪಾ ತಡೆಯಲಾರದೆ ಬಾಗಿಲ ಕೌದಿ ಸರಿಸಿ ಹೊರಗೆ ಬಂದಳು.

“ಯವ್ವಾ, ನಿನ್ನ ಕೈಯಾಗಿನ ಬಳಿ ಸಪ್ಪಳ! ತಗದ ಇಡಬಾರದೇನ? ಎಲ್ಲಾ ಹಾಳಾತು.”

“ಹಸರ ಬಳಿ ತಗಿಯಾಕ ಬರೂದಿಲ್ಲವ್ವಾ,” ಎಂದಳು ಅವ್ವ, ದಾರದಿಂದ ಕಣ್ಣು ತೆಗೆಯದೆ. “ಚೂರು ತಡಿ. ಆಮ್ಯಾಲ ಹಾಡು.”

ರೂಪಾ ಮುಖ ಗಂಟು ಹಾಕಿಕೊಂಡು ಮತ್ತೆ ಕೌದಿಯ ಹಿಂದೆ ಹೋಗಿ ನಿಂತಳು. ಗಡಿಯಾರ ನಾಲ್ಕು ದಾಟಿತ್ತು.

“ಹೂಂ, ಹಾಡ್ರಿ ಈಗ,” ಎಂದು ಅಪ್ಪ ಕೂಗಿದ.

ಈ ಸಲ ಹಾಡು ಕೊನೆಯವರೆಗೂ ಹೋಯಿತು. ಉಮೇಶ ಫೋನಿನ ಮೇಲೆ ಬೆರಳು ಆಡಿಸುತ್ತ, “ಗಿಟಾರ್ ಇಷ್ಟ ಇಳಸ್ತೀನಿ. ನಿನ್ನ ಇಷ್ಟ ಏರಸ್ತೀನಿ. ಭಾಳ ಬ್ಯಾಡ, ಟೀಚರ್ ಅಂಜ್ಯಾರು,” ಎಂದ. ಆಮೇಲೆ ಅಪ್ಪನ ಫೋನಿಗೆ ಹಾಡು ಕಳಿಸಿ, ಗಿಟಾರನ್ನು ಚೀಲಕ್ಕೆ ತುಂಬತೊಡಗಿದ.

ರೂಪಾ ಕಣ್ಣು ಮುಚ್ಚಿ ಕೇಳಿದಳು. ತನ್ನ ಧ್ವನಿ ಎದುರಿಗೇ ಕೂತಂತಿತ್ತು. ಟೀಚರು ಹೊಂಟಾರ... ಹಾಡು ನಿಂತಿತು. ಗಿಟಾರ್ ಮೆಲ್ಲಗೆ ನಡೆಯಿತು. ಕಿಣಿ ಇಲ್ಲ. ಏನೂ ಇಲ್ಲ.

ಹಾಗಾದರೆ ಅವ್ವ ಕೆಚ್ಚುವುದನ್ನು ಬಿಟ್ಟು ಎದ್ದುಹೋದಳೇ? ರೂಪಾ ಕೌದಿ ಸರಿಸಿ ನೋಡಿದಳು.

ಅವ್ವ ಅಲ್ಲೇ ಇದ್ದಳು, ಎಳೆಗೆ ಎಳೆ ಹೊಸೆಯುತ್ತ. ಎರಡೂ ಕೈಗೆ, ಮಣಿಕಟ್ಟಿನಿಂದ ಮೊಣಕೈತನಕ, ಹಳೆ ಸೀರೆಯ ಚಿಂದಿ ಬಿಗಿಯಾಗಿ ಸುತ್ತಿತ್ತು. ಬೆರಳು ಮಾತ್ರ ಹೊರಗಿದ್ದವು. ಸೆಕೆಗೆ ಹಣೆಯ ಬೆವರು ಹುಬ್ಬಿಗೆ ಇಳಿದಿತ್ತು.

“ಮುಗೀತೇನವ್ವಾ? ಇನ್ನ ಬಿಚ್ಚಲ್ಯಾ?” ಎಂದು ಅವ್ವ ಪಿಸುಗುಟ್ಟಿದಳು.

“ನಾ ಬಿಚ್ಚತೀನಿ.”

ಅಪ್ಪ ಹಾಕಿದ ಗಂಟು ನೇಕಾರನ ಗಂಟೇ, ಬೇಗ ಬಿಚ್ಚಿಕೊಳ್ಳಲಿಲ್ಲ. ಕೊನೆಯ ಸುತ್ತು ಬಿಟ್ಟಾಗ ಬಳೆಗಳು ಕಿಣಿ ಎಂದು ಕೆಳಗೆ ಜಾರಿದವು. ಅವ್ವನ ಕೈಮೇಲೆ ಬಳೆಗಳ ಅಚ್ಚು ಕೆಂಪಗೆ ಮೂಡಿತ್ತು. ರೂಪಾ ಅದರ ಮೇಲೆ ಮೆಲ್ಲಗೆ ಊದಿದಳು. ಆಮೇಲೆ ಒಂದು ಇಯರ್‌ಫೋನನ್ನು ಅವ್ವನ ಕಿವಿಗೆ ಇಟ್ಟಳು.

“ಚಂದ ಹಾಡೀಯವ್ವಾ,” ಎಂದಳು ಅವ್ವ.

“ತಡಿಬೇ. ಈಗ ಹಾಡು ನಿಲ್ಲತೈತಿ ನೋಡು. ಅಲ್ಲಿ ಕೇಳು.”

ಅವ್ವ ಕಿವಿಗೊಟ್ಟು ಕೇಳಿದಳು. “ಅಲ್ಲೇನೂ ಇಲ್ಲಲ್ಲವ್ವಾ.”

“ಹೂಂ,” ಎಂದಳು ರೂಪಾ, ಅವ್ವನ ಕೈ ಬಿಡದೆ. “ಅದನ್ನ ಕೇಳಬೇ.”