ಅಮ್ಮ ಮುಗಿಸಿಬಿಡುವ ಮಾತು

“ಅ... ಅದನ್ನ ಮಾತಿನ ಟೀಚರ್ ಹತ್ರ ಆಗ್ಲೇ ಹೇಳಿದೀನಮ್ಮ,” ಎಂದಳು ಎಂಟು ವರ್ಷದ ಗುಬ್ಬಿ. ಊಟ ಬಡಿಸುತ್ತಿದ್ದ ಅಮ್ಮನ ಕೈ ಅಲ್ಲೇ ನಿಂತಿತು.

ಕೆದಕಿ ಕೇಳಿದಾಗ ತಿಳಿಯಿತು: ತರಗತಿಯಲ್ಲಿ ಎದ್ದು ಓದುವ ಸರದಿ ಬಂದಾಗಲೆಲ್ಲ ಹೊಟ್ಟೆನೋವೆಂದು ಸುಳ್ಳು ಹೇಳಿ ಹೊರಗೆ ಹೋಗಿ ಅಳುತ್ತಿದ್ದಳಂತೆ ಮಗಳು! ತೊದಲುವ ಮಕ್ಕಳಿಗೆಂದು ವಾರಕ್ಕೆರಡು ದಿನ ಶಾಲೆಗೆ ಬರುವ ಆ ಹೆಂಗಸಿಗೆ ಇದು ಗೊತ್ತು, ಹೆತ್ತವಳಿಗೆ ಗೊತ್ತಿಲ್ಲ... ಅಮ್ಮನ ಹೊಟ್ಟೆಗೆ ಬೆಂಕಿ ಬಿದ್ದಂತಾಯಿತು. ಬಟ್ಟೆ ಅಂಗಡಿಯಲ್ಲಿ ಅರಳು ಹುರಿದಂತೆ ಮಾತಾಡುವವಳು ಅವಳು. ಗಿರಾಕಿ ಬಾಯಿ ತೆರೆಯುವ ಮೊದಲೇ ಅವರಿಗೆ ಬೇಕಾದ ಬಣ್ಣ ತೆಗೆದಿಡುವವಳು. ಇಷ್ಟು ವರ್ಷ ಮಗಳು ಅರ್ಧಕ್ಕೆ ನಿಲ್ಲಿಸಿದ ಮಾತನ್ನೆಲ್ಲ ಮುಗಿಸಿಕೊಟ್ಟವಳು ಅವಳೇ ತಾನೆ? ಮೊನ್ನೆ ಮೊನ್ನೆ ಬಂದವಳು ಈಗ ಹೆಚ್ಚಾದಳು.

ಮರುದಿನ ಆ ಟೀಚರ್ ಬರುವ ದಿನ. ಅಮ್ಮ ಅಂಗಡಿಗೆ ರಜೆ ಹಾಕಿ ಶಾಲೆಗೆ ಹೋದಳು. ಮೆಟ್ಟಿಲ ಕೆಳಗಿನ ಪುಟ್ಟ ಕೋಣೆಯಲ್ಲಿ ಗುಬ್ಬಿ ಟೀಚರ್ ಪಕ್ಕ ಕೂತು ನಗುತ್ತಿದ್ದಳು. ಆ ನಗು ನೋಡಿ ಅಮ್ಮನಿಗೆ ಇನ್ನಷ್ಟು ಉರಿಯಿತು.

“ಇನ್ಮೇಲೆ ಇವಳು ನಿಮ್ಮ ಹತ್ರ ಬರಲ್ಲ. ಇವಳಿಗೂ ಇಷ್ಟ ಇಲ್ಲ.”

ಟೀಚರ್ ಸಿಟ್ಟಾಗಲಿಲ್ಲ. “ಅದನ್ನ ಅವಳೇ ಹೇಳ್ಲಿ. ಆದ್ರೆ ಹೇಳಿ ಮುಗಿಸೋವರೆಗೂ ನೀವು ಸುಮ್ನಿರ್ಬೇಕು. ಆಗುತ್ತಾ?”

“ಆಗದೆ ಏನು? ಹೇಳೇ ಗುಬ್ಬಿ.”

“ನಂ... ನಂಗೆ...”

“ಇಷ್ಟ ಇಲ್ಲ ಅಂತಿದಾಳೆ,” ಎಂದುಬಿಟ್ಟಳು ಅಮ್ಮ. ಗುಬ್ಬಿ ತಲೆ ತಗ್ಗಿಸಿದಳು. ಟೀಚರ್ ಮಗುವಿನ ಮುಖವನ್ನೇ ನೋಡುತ್ತ ಕಾದರು. ಅಮ್ಮ ನಾಲಿಗೆ ಕಚ್ಚಿಕೊಂಡಳು. ಮಗಳ ಕತ್ತಿನ ನರ ಬಿಗಿಯುವುದನ್ನು ಸುಮ್ಮನೆ ನೋಡುತ್ತ ಕೂರುವುದು ಎಂಥ ಸಂಕಟ...

“ನೀನು ಮು... ಮುಗಿಸ್ತೀಯಲ್ಲಮ್ಮ, ಅದು ನಾನು ಹೇಳಕ್ಕೆ ಹೊ... ಹೊರಟಿದ್ದು ಅಲ್ಲ. ಯಾವಾಗ್ಲೂ ಅಲ್ಲ. ಆದ್ರೂ ಹೂಂ ಅಂತೀನಿ. ಟೀಚರ್ ಕಾ... ಕಾಯ್ತಾರೆ.”

ಇಷ್ಟು ವರ್ಷದ ಎಷ್ಟು ಹೂಂಗಳು! ಅಮ್ಮನ ಕಣ್ಣು ತುಂಬಿತು. ಹೊಟ್ಟೆಕಿಚ್ಚೇನೂ ಆರಲಿಲ್ಲ, ಇನ್ನೊಬ್ಬಳು ಕೊಟ್ಟದ್ದನ್ನು ತಾನು ಕೊಡಲಿಲ್ಲವೆಂಬ ನೋವೂ ಅದಕ್ಕೆ ಸೇರಿಕೊಂಡಿತು. “ಬರ್ತಾಳೆ,” ಎಂದಳು ಟೀಚರ್ ಕಡೆ ನೋಡದೆ. ಬಾಗಿಲವರೆಗೆ ಹೋದವಳು ತಿರುಗಿ, “ಕಾಯೋದು ಹೇಗೆ ಅಂತ ನಂಗೂ ಹೇಳ್ಕೊಡಿ,” ಎಂದಳು.

ಸಂಜೆ ಬಸ್ ನಿಲ್ದಾಣದಲ್ಲಿ ಗುಬ್ಬಿ ತಾನಾಗಿ ಏನೋ ಹೇಳಲು ಶುರುಮಾಡಿದಳು. ಮೊದಲ ಪದವೇ ಸಿಕ್ಕಿಕೊಂಡಿತು. ಅವರ ಬಸ್ಸು ಬಂತು, ನಿಂತಿತು, ಹೋಯಿತು. ಇನ್ನೊಂದೂ ಬಂದು ಹೋಯಿತು. ಅಮ್ಮ ಮಗಳ ಮುಖ ನೋಡುತ್ತ ನಿಂತೇ ಇದ್ದಳು.