ಓಟಗಾರ್ತಿ ನೇಯ್ದ ಸೀರೆ

“ಕಾಲು ಒಳಗೆ ಇಳಿಬಿಡು, ಅವ್ರು ಬಂದ್ರು,” ಎಂದು ವಿನೋದ್ ತಂಗಿಯ ಹೆಗಲು ಒತ್ತಿ ಮಗ್ಗದ ಮುಂದೆ ಕೂರಿಸಿದ. ಅಲ್ಲಿಯವರೆಗೆ ನೇಯುತ್ತಿದ್ದ ಅವನ ಹೆಂಡತಿ ಚಿತ್ತಮ್ಮ ಯಾರೂ ಹೇಳುವ ಮೊದಲೇ ಎದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

ರಾಷ್ಟ್ರಮಟ್ಟದ ಓಟದಲ್ಲಿ ಚಿನ್ನ ಗೆದ್ದ ದಿವ್ಯಶ್ರೀಯ ಕಾಲುಗಳು ಮಗ್ಗದ ಗುಂಡಿಗೆ ಇಳಿದವು. ಏಳು ಸಮುದ್ರ ದಾಟಿ ಗೆದ್ದು ಬಂದವರ ಕತೆ ಆರತಿ ಎತ್ತುವಲ್ಲಿಗೆ ಮುಗಿದುಬಿಡುತ್ತದೆ. ಹೊಸಿಲು ದಾಟಿದ ಮೇಲೆ ಏನಾಯಿತೆಂದು ಯಾವ ಅಜ್ಜಿಯೂ ಹೇಳುವುದಿಲ್ಲ. ಮೊಳಕಾಲ್ಮುರಿನ ಈ ಮನೆಯಲ್ಲಿ ಆಗಿದ್ದಿಷ್ಟು. ಸನ್ಮಾನದ ದಿನ ಟಿವಿಯವರು, “ಉಟ್ಟಿರೋ ರೇಷ್ಮೆ ಸೀರೆ ನೀವೇ ನೇಯ್ದಿದ್ದಾ?” ಎಂದು ಕೇಳಿದ್ದರು. ಅಣ್ಣ ಪಕ್ಕದಿಂದ ತಿವಿದಿದ್ದ. ದಿವ್ಯಶ್ರೀ “ಹೂಂ” ಎಂದುಬಿಟ್ಟಿದ್ದಳು. ನೇಯ್ದವಳು ಅತ್ತಿಗೆ... ಮೈದಾನಕ್ಕೆ ಓಡುವ ನಾದಿನಿಯ ಪಾಲಿನ ಕೆಲಸವನ್ನೂ ವರ್ಷಗಟ್ಟಲೆ ತನ್ನ ಮೈಮೇಲೆ ಹಾಕಿಕೊಂಡವಳು! ಅಂದಿನಿಂದ ಚಿನ್ನದ ಹುಡುಗಿ ನೇಯುವುದನ್ನು ನೋಡಲು ದೂರದೂರದಿಂದ ಗಿರಾಕಿಗಳು ಬರತೊಡಗಿದ್ದರು.

ಇಂದು ಅತ್ತಿಗೆಯ ಹೆಸರು ಹೇಳಿಯೇಬಿಡಬೇಕೆಂದು ಅವಳು ನಿಶ್ಚಯಿಸಿದ್ದಳು.

ಚಳ್ಳಕೆರೆಯ ಎಣ್ಣೆ ಮಿಲ್ಲಿನ ಮುರುಗೇಂದ್ರಪ್ಪ ಹೆಂಡತಿಯೊಡನೆ ಒಳಬಂದರು. “ಮಗಳ ಮದ್ವೆ ಸೀರೆ ನಿನ್ ಕೈಯಿಂದ್ಲೇ ಆಗ್ಬೇಕು ನೋಡವ್ವ.”

“ನಂಗೆ ನೇಯೋಕೆ ಬರೋದೇ ಇಲ್ರಿ. ಎಲ್ಲಾ ನಮ್ಮ ಅತ್ತಿಗೇದು. ಅಲ್ಲಿ ನಿಂತವ್ರಲ್ಲ, ಅವ್ರು... ಅವತ್ತು ಟಿವೀಲಿ ನಾನು ಸುಳ್ಳು ಹೇಳ್ದೆ.”

ವಿನೋದನ ಮುಖ ಕಪ್ಪಿಟ್ಟಿತು. ಆದರೆ ಮುರುಗೇಂದ್ರಪ್ಪನವರ ಹೆಂಡತಿ ನಕ್ಕರು. “ನೋಡಿದ್ರಾ, ಇಷ್ಟು ಹೆಸರು ಮಾಡಿದ್ರೂ ಎಷ್ಟು ವಿನಯ ಐತೆ. ಮನೆಯವ್ರನ್ನೇ ಮುಂದೆ ಮಾಡ್ತಾಳೆ.”

“ಇಲ್ರಿ ಅಮ್ಮಾ, ನಿಜವಾಗ್ಲೂ...”

“ಅವ್ಳು ಹಂಗೇರಿ, ಚಿಕ್ಕೋಳಿದ್ದಾಗಿಂದ,” ಎಂದು ವಿನೋದ್ ಜೋರಾಗಿ ನಕ್ಕ.

“ಆಯ್ತವ್ವ, ಲಾಳಿ ಹಿಡ್ಕೋ, ಒಂದು ಫೋಟೋ,” ಎಂದ ಆಕೆ ಚಿತ್ತಮ್ಮನ ಕಡೆ ತಿರುಗಿದರು. “ಒಂದ್ ಲೋಟ ನೀರು ಕೊಡ್ತೀಯಾ?”

ಚಿತ್ತಮ್ಮ ನೀರು ತಂದುಕೊಟ್ಟಳು.

ಅವರನ್ನು ಕಳಿಸಲು ವಿನೋದ್ ಬೀದಿಗಿಳಿದ. ದಿವ್ಯಶ್ರೀ ಅಡುಗೆಮನೆಯ ಬಾಗಿಲ ಕಡೆ ತಿರುಗಿದಳು. “ವದಿನಾ...” ಎಂದು ಮನೆಮಾತಾದ ತೆಲುಗಿನಲ್ಲಿ ಅತ್ತಿಗೆಯನ್ನು ಕರೆದಳು. “ನಾನು ಹೇಳ್ದೆ. ನೀನೇ ಕೇಳಿಸ್ಕೊಂಡ್ಯಲ್ಲ.”

“ಕೇಳಿಸ್ಕೊಂಡೆ. ಅವತ್ತು ಹೂಂ ಅಂದಿದ್ದು ಊರಿಗೆಲ್ಲ ಕೇಳಿಸ್ತು. ಇವತ್ತಿಂದು ನಂಗೊಬ್ಳಿಗೇ.”

ಚಿತ್ತಮ್ಮನ ಕಣ್ಣಲ್ಲಿ ನೀರಿರಲಿಲ್ಲ. “ಏಳು, ಬೆಳಕಿರುವಾಗ್ಲೇ ಒಂದಿಷ್ಟು ನೇಯ್ಬೇಕು.”

ದಿವ್ಯಶ್ರೀ ಎದ್ದು ಜಾಗ ಬಿಟ್ಟಳು. ಫೋಟೋಕ್ಕೆಂದು ಅವಳು ಲಾಳಿ ಎಳೆದಾಡಿದ ಕಡೆ ಎಳೆಗಳು ಹರಿದಿದ್ದವು. ಅತ್ತಿಗೆ ತಲೆ ತಗ್ಗಿಸಿ ಒಂದೊಂದನ್ನೇ ಹೊಸೆದು ಕೂಡಿಸತೊಡಗಿದಳು.